ಅಂಗೈಯಗಲದ ಟ್ರ್ಯಾಕ್ಟರಿಗೆ ಆಯುಧಪೂಜೆ

ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಬಟ್ಟೆ ಒಣಗಿಸುವ ಗ್ಯಾಲರಿಯ ಒಂದು ಮೂಲೆ ನನ್ನದು. ರಜೆಯ ದಿನ ಅಲ್ಲಿ ಕೂತು ಗದ್ದೆ, ಬಣವೆ, ನೇಗಿಲು, ಟ್ರ್ಯಾಕ್ಟರು ಮಾಡುತ್ತೇನೆ. ಎಲ್ಲವೂ ನಿಜವಾದದ್ದರ ಮೂವತ್ತೆರಡರಲ್ಲಿ ಒಂದು ಪಾಲು. ನಾನು ಹೊಲ ಉತ್ತವನಲ್ಲ. ಮೈಸೂರಿನಲ್ಲಿ ಹುಟ್ಟಿ, ಐರೋಲಿಯ ಒಂದು ಕಚೇರಿಯಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ಕೆಲಸ ಮಾಡುವವನು.

ಇಂಥ ಮಾದರಿಗಳನ್ನು ಕಟ್ಟುವುದು ಕಷ್ಟವಲ್ಲ, ಹಳತು ಮಾಡುವುದು ಕಷ್ಟ. ಮೊದಲು ತುಕ್ಕಿನ ಬಣ್ಣ, ಅದರ ಮೇಲೆ ಉಪ್ಪಿನ ಹರಳು, ಅದರ ಮೇಲೆ ಕೆಂಪು ಬಣ್ಣ. ಒಣಗಿದ ಮೇಲೆ ಉಪ್ಪನ್ನು ಕೆರೆದರೆ ಅಲ್ಲಲ್ಲಿ ಕೆಂಪು ಕಿತ್ತುಬಂದು ತುಕ್ಕು ಕಾಣುತ್ತದೆ. ಆಮೇಲೆ ಧೂಳು, ಕೆಸರು. ಕೆಸರಿಗೆಂದು ಕಲ್ಯಾಣದ ಖಾಡಿಯ, ಅಂದರೆ ಹಿನ್ನೀರಿನ, ದಂಡೆಯ ಮಣ್ಣನ್ನು ತಂದು ಚಹಾದ ಸೋಸಣಿಗೆಯಲ್ಲಿ ಮೂರು ಸಲ ಸೋಸುತ್ತೇನೆ. ಹಿಂದಿನ ವರ್ಷ ಠಾಣೆಯ ನೌಪಾಡಾದ ಒಂದು ಸಭಾಗೃಹದಲ್ಲಿ ಮಾದರಿಗಳ ಪ್ರದರ್ಶನ ನಡೆದಾಗ, ಪರೀಕ್ಷಕರೊಬ್ಬರು ನನ್ನ ಟ್ರ್ಯಾಕ್ಟರನ್ನು ನೋಡಿ, ಆಟಿಕೆಯ ಹಾಗಿದೆ ಎಂದು ಮರಾಠಿಯಲ್ಲಿ ಹೇಳಿ ಮುಂದೆ ಹೋಗಿದ್ದರು. ಈ ವರ್ಷ ಆ ಮಾತು ಮತ್ತೆ ಕೇಳಬಾರದೆಂದು ನಾಲ್ಕು ತಿಂಗಳನ್ನು ಒಂದೇ ಟ್ರ್ಯಾಕ್ಟರಿಗೆ ಕೊಟ್ಟೆ.

ಪ್ರದರ್ಶನ ದಸರೆಯ ದಿನ. ಅದರ ಹಿಂದಿನ ದಿನ ಆಯುಧಪೂಜೆ. ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಉಡುಪಿಯಿಂದ ಬಂದು ಹದಿನೈದು ದಿನವಾಗಿತ್ತು. ಬೆಳಿಗ್ಗೆ ನಾನು ಕೆಳಗಿಳಿದು ಸ್ಕೂಟರು ತೊಳೆದು, ಸ್ಟೇಶನ್ ಹತ್ತಿರ ಹೋಗಿ ಚೆಂಡುಹೂ ತಂದೆ. ಒಳಗೆ ಬಂದಾಗ ಅಡುಗೆಮನೆಯ ಸಿಂಕಿನ ತುಂಬ ನೊರೆ. ನೊರೆಯ ಮೇಲೆ ಟ್ರ್ಯಾಕ್ಟರಿನ ಹೊಗೆ ಕೊಳವೆ ಮಾತ್ರ ಕಾಣುತ್ತಿತ್ತು. ಅತ್ತೆಯ ಕೈಯಲ್ಲಿ ಹಳೆಯ ಟೂತ್‌ಬ್ರಷ್ಷು.

"ಹಬ್ಬದ ದಿನ ಗಾಡಿ ಹೀಗೆ ಇಡುದಾ?" ಎಂದರು. "ಎಷ್ಟು ತುಕ್ಕು ಮಾರಾಯ್ರೆ. ನೀವು ಆಫೀಸು ಆಫೀಸು ಅಂತ ಇದನ್ನು ನೋಡ್ಲೇ ಇಲ್ಲ."

ಅದು ಮಾದರಿ ಎಂದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದರೆಂದು ಬರೆದರೆ ಸುಳ್ಳಾಗುತ್ತದೆ. ಸಣ್ಣದಾದರೂ ಗಾಡಿ ಗಾಡಿಯೇ. ಮನೆಯಲ್ಲಿ ಗಾಡಿ ಇದ್ದ ಮೇಲೆ ಪೂಜೆಗೆ ಇಡಬೇಕು. ಪೂಜೆಗೆ ಇಡಬೇಕಾದರೆ ತೊಳೆಯಬೇಕು. ಇದರಲ್ಲಿ ತಪ್ಪು ಎಲ್ಲಿದೆ ಎಂದು ನಿಂತಲ್ಲೇ ಹುಡುಕಿದೆ, ಸಿಗಲಿಲ್ಲ. ಅಷ್ಟರಲ್ಲಿ ಎಡಗಡೆಯ ಮಡ್‌ಗಾರ್ಡಿನ ತುಕ್ಕು, ಆಷಾಢ ಪೂರ್ತಿ ಕೂತು ಮಾಡಿದ್ದು, ನಾಲ್ಕು ಸಲ ಉಜ್ಜುವಷ್ಟರಲ್ಲಿ ಹೋಯಿತು. ನಾನು ಬಾಯಿ ತೆರೆದೆ.

"ಟವೆಲು ಕೊಡಿ," ಎಂದರು ಅತ್ತೆ.

ಕೊಟ್ಟೆ.

ಒರೆಸಿದ ಮೇಲೆ ಟೈರುಗಳಿಗೆ ತೆಂಗಿನೆಣ್ಣೆ ಹಚ್ಚಿದರು. ಮಣೆಯ ಮೇಲೆ ಸ್ಕೂಟರಿನ ಕೀಲಿ, ಮಿಕ್ಸರು, ಕತ್ತರಿ, ನನ್ನ ಲ್ಯಾಪ್‌ಟಾಪು, ಅದರ ಪಕ್ಕದಲ್ಲಿ ಟ್ರ್ಯಾಕ್ಟರು. ಅರಿಶಿನ, ಕುಂಕುಮ, ಚೆಂಡುಹೂವಿನ ಒಂದು ಎಸಳು. ಆಮೇಲೆ ಚಕ್ರದಡಿ ಇಡಲು ನಿಂಬೆಹಣ್ಣು ಬಂತು. ಅದು ಹಿಂದಿನ ಚಕ್ರದಷ್ಟೇ ದೊಡ್ಡದಿತ್ತು. ಅತ್ತೆ ನನ್ನ ಮುಖ ನೋಡಿದರು.

"ಇದಕ್ಕೆ ಎಷ್ಟು ದೊಡ್ಡದು ಬೇಕು?"

ನಾನು ಲೆಕ್ಕ ಹಾಕಿದೆ. ಯಾಕೆ ಹಾಕಿದೆನೋ ತಿಳಿಯದು. ನಾಲ್ಕು ಸೆಂಟಿಮೀಟರಿನ ಹಣ್ಣನ್ನು ಮೂವತ್ತೆರಡರಿಂದ ಭಾಗಿಸಿದರೆ ಒಂದೂಕಾಲು ಮಿಲಿಮೀಟರು.

"ಸಾಸಿವೆ," ಎಂದೆ.

ನಾಲ್ಕು ಸಾಸಿವೆ ಕಾಳು ಬಂದವು. ಟ್ರ್ಯಾಕ್ಟರಿನ ಭಾರಕ್ಕೆ ಒಡೆಯಲಿಲ್ಲ. ಅತ್ತೆ ಬಾನೆಟ್ಟನ್ನು ಹೆಬ್ಬೆರಳಿನಿಂದ ಒತ್ತಿದರು. ಒಡೆದವು.

ಹಾಲು ತರಲು ಹೋಗಿದ್ದ ಹೆಂಡತಿ ಬಂದು, ಮಣೆಯ ಮೇಲೆ ಫಳಫಳ ಹೊಳೆಯುತ್ತಿದ್ದ ಟ್ರ್ಯಾಕ್ಟರನ್ನು ನೋಡಿ, ನನ್ನನ್ನು ಗ್ಯಾಲರಿಗೆ ಕರೆದಳು.

"ಅಮ್ಮನಿಗೆ ಎಂಥ ಗೊತ್ತು? ನೀವು ಅಲ್ಲೇ ಇದ್ರಿ ಅಲ್ವಾ? ಬಾಯಿ ಇರ್ಲಿಲ್ವಾ?"

"ಕೈಯಲ್ಲಿ ಟವೆಲಿತ್ತು," ಎಂದೆ.

ಮತ್ತೆ ತುಕ್ಕು ಹಿಡಿಸಲು ಕಡಿಮೆಯೆಂದರೂ ಮೂರು ದಿನ ಬೇಕು. ಪ್ರದರ್ಶನಕ್ಕೆ ಹೆಸರು ಕೊಟ್ಟಾಗಿತ್ತು. ಮರುದಿನ ಟ್ರ್ಯಾಕ್ಟರನ್ನು ಚಪ್ಪಲಿಯ ಡಬ್ಬಿಯಲ್ಲಿಟ್ಟು ಹೊರಟಾಗ ಅತ್ತೆಯೂ ಹೊರಟರು. ಪೂಜೆಯಾದ ಗಾಡಿ ಮೊದಲ ಸಲ ಹೊರಗೆ ಹೋಗುವಾಗ ಹಿರಿಯರು ಜೊತೆಗಿರಬೇಕಂತೆ. ಠಾಣೆಯ ತನಕ ಲೋಕಲ್ಲಿನಲ್ಲಿ ಡಬ್ಬಿ ಅವರ ತೊಡೆಯ ಮೇಲೇ ಇತ್ತು.

ಹಳತು ಮಾಡಲು ಏನೇನು ಬಳಸಿದ್ದೀರಿ ಎಂದು ಅಲ್ಲಿ ಒಂದು ಕಾರ್ಡಿನಲ್ಲಿ ಬರೆಯಬೇಕು. ನಾನು ಬರೆದೆ: ಉಪ್ಪು, ಖಾಡಿ ಮಣ್ಣು, ಅಂಟು, ನಂತರ ಪಾತ್ರೆಯ ಸೋಪು, ಟೂತ್‌ಬ್ರಷ್ಷು, ತೆಂಗಿನೆಣ್ಣೆ, ಅರಿಶಿನ, ಕುಂಕುಮ, ಸಾಸಿವೆ ನಾಲ್ಕು.

ಹಿಂದಿನ ವರ್ಷದ ಪರೀಕ್ಷಕರೇ ಬಂದರು. ಕಾರ್ಡನ್ನು ಎರಡು ಸಲ ಓದಿದರು.

"ಕೋಣೀ ಧುತಲಾ?" ತೊಳೆದದ್ದು ಯಾರು ಎಂದು ಕೇಳಿದರು.

"ಸಾಸೂಬಾಯೀಂನೀ," ಎಂದು ಅತ್ತೆಯ ಕಡೆ ತೋರಿಸಿದೆ.

ಅವರು ನಗಲಿಲ್ಲ. ಭೂತಗನ್ನಡಿ ಹಿಡಿದು ಮೂಲೆಮೂಲೆ ನೋಡಿದರು. ಟ್ರ್ಯಾಕ್ಟರನ್ನು ವಾಲಿಸಿ ಅಡಿಭಾಗ ನೋಡಿದರು. ಅಲ್ಲಿಯ ಕೆಸರಿಗೆ ನಾನು ಅಂಟು ಬೆರೆಸಿದ್ದರಿಂದ ಅದು ನೀರಿಗೆ ಜಗ್ಗದೆ ಹಾಗೇ ಉಳಿದಿತ್ತು. ಆಮೇಲೆ ಮರಾಠಿಯಲ್ಲಿ ಒಂದಷ್ಟು ಹೇಳಿ, ಇನ್ನಿಬ್ಬರು ಪರೀಕ್ಷಕರನ್ನು ಕರೆತರಲು ಹೋದರು.

"ಎಂಥ ಹೇಳಿದ್ರು ಅವರು?" ಎಂದರು ಅತ್ತೆ.

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅದೇ ತಪ್ಪಾಯಿತು. "ಮೇಲೆಲ್ಲ ಹಬ್ಬಕ್ಕೆ ತೊಳೆದ ಹೊಳಪು, ಅಡಿಯಲ್ಲಿ ಮಳೆಗಾಲದ ಕೆಸರು ಹಾಗೇ ಇದೆ, ನಮ್ಮೂರಿನ ಟ್ರ್ಯಾಕ್ಟರು ಇವತ್ತು ಹೀಗೇ ನಿಂತಿರುತ್ತೆ, ಬೇಕು ಅಂತ ಮಾಡೋಕೆ ಯಾರಿಗೂ ಬರಲ್ಲ ಅಂದ್ರು, ಅತ್ತೆ."

ಅತ್ತೆ ಒಂದೇ ಮಾತು ಕೇಳಿಸಿಕೊಂಡರು. ಅವರ ಮುಖ ಇಳಿಯಿತು.

"ಅಡಿ ತೊಳೀಲಿಲ್ಲ ಅಂತ ಇಷ್ಟು ಜನರ ಎದುರು ಹೇಳಿದ್ರಾ? ನಲ್ಲಿ ಎಲ್ಲುಂಟು ಇಲ್ಲಿ?"

"ಬೇಡ ಅತ್ತೆ."

"ಒಂದು ನಿಮಿಷದ ಕೆಲ್ಸ. ಕೊಡಿ ಇಲ್ಲಿ." ಸೆರಗು ಸಿಕ್ಕಿಸಿಕೊಂಡು ಕೈ ಚಾಚಿದರು.

"ಬೇಡ," ಎಂದೆ. ಅವರಿಗೆ ಹಾಗೆ ಹೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಮೂವರು ಪರೀಕ್ಷಕರು ಬಂದಾಗ ಟ್ರ್ಯಾಕ್ಟರು ನನ್ನ ತಲೆಯ ಮೇಲೆ, ಎರಡೂ ಕೈ ಚಾಚಿದಷ್ಟು ಎತ್ತರದಲ್ಲಿತ್ತು. ಅತ್ತೆ ತುದಿಗಾಲಲ್ಲಿ ನಿಂತಿದ್ದರು. ಬಂದವರಿಗೆ ನೋಡಬೇಕಾಗಿದ್ದದ್ದು ಅಡಿಯನ್ನೇ. ಮೂವರೂ ಹತ್ತಿರ ಬಂದು, ಕತ್ತು ಮೇಲೆತ್ತಿ, ಒಬ್ಬರಾದ ಮೇಲೊಬ್ಬರು ಭೂತಗನ್ನಡಿ ಹಿಡಿದು ನೋಡಿದರು. ಸ್ವಲ್ಪ ಎಡಕ್ಕೆ ತಿರುಗಿಸಿ ಎಂದರು. ತಿರುಗಿಸಿದೆ.