ಕೊಟ್ಟಿಗೆಯ ಸೀರೆ

ನಾನೂ ನನ್ನ ಹೆಂಡತಿಯೂ ಬಾಂಬೆ ನೋಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಾಂಬೆಗೆ ಹೊರಟಿದ್ದೆವು ಅಂದರೆ ಸಾಕು, ಜನ ಸಮುದ್ರ ಹೇಗಿತ್ತು ಅಂತ ಕೇಳುತ್ತಾರೆ. ನನಗೆ ರೇಗುತ್ತದೆ. ಹೊರಡುವುದು ಬೇರೆ, ಹೋಗುವುದು ಬೇರೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದೆ. ಮನೆ ಬೂಕನಕೆರೆ ಕಡೆಯ ಹಳ್ಳಿಯಲ್ಲಿ. ಸ್ವಲ್ಪ ಗದ್ದೆ, ಒಂದು ಸೀಮೆಹಸು, ನಾನು, ಅವಳು. ಗೋಡೆಯ ಆಚೆ ಬದಿಗೆ ನನ್ನ ಅಣ್ಣ, ಅತ್ತಿಗೆ. ನಮಗೆ ಮಕ್ಕಳಾಗಲಿಲ್ಲ. ಮದುವೆಯಾದ ಮೇಲೆ ನಾವು ಊರು ಬಿಟ್ಟು ಹೋದದ್ದೆಲ್ಲ ಆ ಒಂದು ಕಾರಣಕ್ಕೇ. ಶ್ರೀರಂಗಪಟ್ಟಣದಲ್ಲಿ ಹೊಳೆಗಿಳಿದು ಮುಳುಗಿದೆವು, ಧರ್ಮಸ್ಥಳಕ್ಕೆ ಹೋದೆವು, ಯಾರೋ ಹೇಳಿದರು ಅಂತ ಇನ್ನೆಲ್ಲಿಗೋ ಹೋಗಿ ಅರಳಿಮರ ಸುತ್ತಿದೆವು. ಪ್ರತಿ ಸಲವೂ ಜೊತೆಗೆ ನಮ್ಮವ್ವ, ಅವಳ ಅವ್ವ, ಚಿಕ್ಕಮ್ಮಂದಿರು, ಅವರ ಮಕ್ಕಳು. ಒಂದು ವ್ಯಾನು ತುಂಬ ಜನ ನಮ್ಮ ಹರಕೆಯನ್ನು ಹೊತ್ತುಕೊಂಡು ಬರುತ್ತಿದ್ದರು. ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದು ನನಗೆ ನೆನಪಿಲ್ಲ.

ನಮ್ಮವ್ವ ತೀರಿಹೋದ ಮೇಲೆ ಹರಕೆಗಳೂ ನಿಂತವು. ಒಂದು ಸಂಜೆ ನಾನು ಬಸ್ಸಿಳಿದು ಬಂದು ಕಾಲು ತೊಳೆಯುತ್ತಿದ್ದಾಗ ಅವಳು ಚೊಂಬು ಹಿಡಿದು ನಿಂತು ಹೇಳಿದಳು.

“ಏನೂ ಕೇಳ್ದಲೆ ಒಂದೂರ್ಗೆ ಓಗ್ಬುಟ್ ಬರಣ ಕಣ್ರೀ. ದೇವ್ರು ಬ್ಯಾಡ. ಹರಕೆ ಬ್ಯಾಡ. ಸುಮ್ಕೆ, ಇಬ್ರೇ.”

“ಯಾವೂರ್ಗೆ?” ಅಂದೆ.

“ಬಾಂಬೆಗೆ.”

ನಾನು ನಕ್ಕುಬಿಟ್ಟೆ. ಆದರೆ ಅವಳು ಕೇಳಿದ್ದರಲ್ಲಿ ವಿಚಿತ್ರವೇನೂ ಇರಲಿಲ್ಲ. ನಮ್ಮ ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರಿಗೆ ಬಾಂಬೆ ಅಷ್ಟೇನೂ ಪರದೇಶವಲ್ಲ. ಬೀದಿಗೊಬ್ಬ ಅಲ್ಲಿ ಕ್ಯಾಂಟೀನಿನಲ್ಲೋ ಗೋದಾಮಿನಲ್ಲೋ ದುಡಿಯುತ್ತಿದ್ದ. ಹಬ್ಬಕ್ಕೆ ಬಂದವರು ನೈಲಾನ್ ಸೀರೆ ತರುತ್ತಿದ್ದರು, ಕೊನೆಯಿಲ್ಲದ ಸಮುದ್ರದ ಕತೆ ಹೇಳುತ್ತಿದ್ದರು. ಇವಳು ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ಅದನ್ನೆಲ್ಲ ಕೇಳಿಸಿಕೊಂಡಿದ್ದಳು.

ಖರ್ಚಿನ ಮಾತು ಬಂದಾಗ ನಾನು ಜಿಪುಣನಾದೆ. ನನ್ನ ಸಂಬಳದಲ್ಲಿ ಆಗದೇ ವಿಧಿಯಿರಲಿಲ್ಲ. ನಮ್ಮೂರಿನ ಒಬ್ಬ ಬಾಂಬೆಯವನು ರಜಕ್ಕೆ ಬಂದಿದ್ದ. ಅವನನ್ನು ಮನೆಗೆ ಕರೆದು ಕಾಫಿ ಕೊಟ್ಟು ಕೇಳಿದೆ.

“ಯಾಕಣ್ಣ ದುಡ್ ಕಳೀತೀರಿ, ನಮ್ ರೂಮಲ್ಲೇ ಇದ್ಬುಡಿ. ನಮ್ ಕಡೆ ಹುಡುಗ್ರೇ ಎಂಟತ್ತು ಜನ ಅವ್ರೆ. ಅತ್ಗೆಮ್ಮ ಒಂದ್ ಕಡೆ ಮಲಿಕಂಡ್ರಾಯ್ತು” ಅಂದ.

ನನಗೆ ಅದು ಬಹಳ ಸೊಗಸಾದ ಏರ್ಪಾಟು ಅನ್ನಿಸಿತು. ಒಳಗಿನಿಂದ ಅವಳ ದನಿ ಬಂತು.

“ಅಲ್ಲೂ ನಮ್ಮೂರೋರ್ ಮಕನೇ ನೋಡಕ್ಕೆ ಬಾಂಬೆಗ್ಯಾಕ್ ಓಗ್ಬೇಕು? ಸಂತೆ ದಿನ ಬೂಕನಕೆರೆಗೋದ್ರಾಗಕಿಲ್ವಾ?”

ಅವನು ಕಾಫಿ ಲೋಟ ಕೆಳಗಿಟ್ಟು ತಲೆ ಕೆರೆದುಕೊಂಡ. ಕೊನೆಗೆ ಸ್ಟೇಷನ್ನಿಗೆ ಹತ್ತಿರ ಒಂದು ಅಗ್ಗದ ಲಾಡ್ಜು ಇದೆಯೆಂದೂ, ಬಚ್ಚಲು ಮಾತ್ರ ಹೊರಗಡೆಯೆಂದೂ ಹೇಳಿದ. “ನಮ್ಮನೇಲೂ ಒರಗಡೇನೇ ತಾನೆ ಇರೋದು” ಅಂದಳು. ಅದು ಅಲ್ಲಿಗೆ ತೀರ್ಮಾನವಾಯಿತು.

ಮಿಕ್ಕಿದ್ದೆಲ್ಲ ಅವಳದೇ ಲೆಕ್ಕಾಚಾರ. ಬೆಂಗಳೂರಿನವರೆಗೆ ಬಸ್ಸು, ಅಲ್ಲಿಂದ ರೈಲು. ತಿನ್ನುವುದು ಮನೆಯದೇ: ನಿಪ್ಪಟ್ಟು, ಹುರಿಟ್ಟು, ಹುಳಿಗೊಜ್ಜು, ಚಟ್ನಿಪುಡಿ. ಅನ್ನವೊಂದನ್ನು ಹೋಟೆಲಿನಲ್ಲಿ ಕೊಂಡರೆ ಆಯಿತು. ಟ್ಯಾಕ್ಸಿ ಹತ್ತುವ ಹಾಗಿಲ್ಲ. ನಡೆದು ನಡೆದು ಸಾಯುತ್ತೀಯ ಅಂತ ನಾನು ಹೆದರಿಸಿದರೆ, “ಉಲ್ಲೊರೆ ಒತ್ಕಂಡು ನಾಲೆ ಏರಿ ಮ್ಯಾಲೆ ನಡೆಯಕಿಲ್ವಾ? ಅಲ್ಲಿ ಬರೀ ಕೈ” ಅಂದಳು.

“ಅಲ್ಲೋಗಿ ಏನ್ ನೋಡೀಯೆ ಅಮ್ಮೀ?” ಅಂತ ಕೇಳಿದೆ.

“ಏನೂ ಇಲ್ಲ. ಸಮುದ್ರದ ತಾವ ಕೂತ್ಕಳದು. ಬೇಜಾರಾದ್ರೆ ಎದ್ ಬರದು.”

ದಸರಾ ರಜಕ್ಕೆ ಹೋಗುವುದು ಅಂತ ಆಯಿತು. ಮೈಸೂರಿಗೆ ಹೋಗಿ ಸಾಲಿನಲ್ಲಿ ನಿಂತು ರಿಸರ್ವೇಶನ್ ಮಾಡಿಸಿಕೊಂಡು ಬಂದೆ. ಎರಡೂ ಸೀಟು ಅಕ್ಕಪಕ್ಕ ಬೇಕು ಅಂತ ಕೌಂಟರಿನವನ ಹತ್ತಿರ ಜಗಳವನ್ನೂ ಆಡಿದೆ. ಟಿಕೆಟನ್ನು ಅವಳು ದೇವರ ಪಟದ ಹಿಂದೆ ಇಟ್ಟಳು.

ಆದರೆ ಹಸು ಇತ್ತಲ್ಲ, ಅದು ಯಾವ ಲೆಕ್ಕಕ್ಕೂ ಸಿಗಲಿಲ್ಲ. ಅವಳನ್ನು ಬಿಟ್ಟು ಬೇರೆ ಯಾರಿಗೂ ಆ ಹಸು ಹಾಲು ಕೊಡುತ್ತಿರಲಿಲ್ಲ. ಒಂದು ಸಲ ಅವಳು ತವರಿಗೆ ಹೋದಾಗ ನಾನು ಕರೆಯಲು ಕೂತಿದ್ದೆ. ಮೊಣಕಾಲಿಗೆ ಒದ್ದಿದ್ದಕ್ಕೆ ಸ್ಕೂಲಿಗೆ ಕುಂಟಿಕೊಂಡು ಹೋದೆ. ಡೈರಿಗೆ ಎರಡು ಹೊತ್ತೂ ಹಾಲು ಹಾಕಬೇಕು, ಕರೆಯದೆ ಬಿಟ್ಟರೆ ಕೆಚ್ಚಲು ಬಾತುಕೊಳ್ಳುತ್ತದೆ. ಆ ಪಾಪದ ಪ್ರಾಣಿಯನ್ನು ನರಳಿಸಿ ಸಮುದ್ರ ನೋಡುವುದಕ್ಕೆ ಅವಳು ಒಪ್ಪುವವಳಲ್ಲ. ಹಸು ಒಪ್ಪದಿದ್ದರೆ ಬಾಂಬೆ ಇಲ್ಲ, ಅಷ್ಟೇ.

ಅತ್ತಿಗೆ, ಹಾಲು ನಾನು ಕರೆಯುತ್ತೇನೆ ಅಂದರು. ಅತ್ತಿಗೆಯದು ಬಾಯಿ ಜೋರು, ಮನಸ್ಸು ಒಳ್ಳೆಯದು. ಮೊದಲನೆಯ ದಿವಸ ಹೋಗಿ, “ನಿಂತ್ಕಳೆ ಮುಂಡೇದೇ” ಅಂತ ಕೂತರು. ಹಸು ಬಕೆಟ್ಟನ್ನು ಒದ್ದು ಬೀಳಿಸಿತು. ಆಗ ನಮ್ಮ ಕಡೆ ಎಲ್ಲರೂ ಮಾಡುವ ಉಪಾಯವನ್ನೇ ಇವಳೂ ಮಾಡಿದಳು. ಕೊಟ್ಟಿಗೆಗೆ ಉಡುತ್ತಿದ್ದ ತನ್ನ ಹಳೆಯ ಸೀರೆಯನ್ನು ಅತ್ತಿಗೆಗೆ ಕೊಟ್ಟಳು. ಹಸಿರು ಬಣ್ಣದ್ದು, ಅಂಚು ಮಾಸಿದ್ದು, ಸಗಣಿ ಗಂಜಲದ ಜೊತೆಗೆ ಅವಳ ಮೈಯ ವಾಸನೆಯೂ ಇದ್ದದ್ದು. ಹಸು ವಾಸನೆಗೆ ಮೋಸಹೋಗುತ್ತದೆ, ಮುಖ ನೋಡುವುದಿಲ್ಲ.

“ಅಕ್ಕಾ, ಬೈಬ್ಯಾಡಿ. ‘ಬಾರವ್ವ, ನಿಲ್ಲವ್ವ’ ಅನ್ನಿ. ನಾವ್ ಬರಗಂಟ ಈ ಸೀರೇನ ಒಗೀಬ್ಯಾಡಿ. ಒಗುದ್ರೆ ಗುರ್ತ್ ಸಿಗಕಿಲ್ಲ ಅದಕ್ಕೆ” ಅಂತ ಪಾಠ ಹೇಳಿದಳು.

“ನನ್ ಗಂಡುಂಗೂ ಇಷ್ಟ್ ನಯವಾಗ್ ಮಾತಾಡಿಲ್ಲ ಕಣವ್ವ ನಾನು” ಅಂದರು ಅತ್ತಿಗೆ.

ಸೀರೆ ಉಟ್ಟರೂ ಹಸು ಮೊದಮೊದಲು ಒಪ್ಪಲಿಲ್ಲ. ಕಾರಣ ಇವಳೇ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಹಾಗಲ್ಲ ಹೀಗೆ ಅನ್ನುತ್ತಿದ್ದಳು. ದನಿ ಕೇಳಿದ ಕೂಡಲೇ ಹಸು ಆ ಕಡೆ ತಿರುಗಿ ಕಿವಿ ನೆಟ್ಟಗೆ ಮಾಡಿ ಹಾಲನ್ನು ಹಿಡಿದುಬಿಡುತ್ತಿತ್ತು. ಆಮೇಲೆ ಅವಳು ಒಳಗೆ ಸೇರಿಕೊಂಡಳು. ಅಡುಗೆಮನೆಯ ಹಿಂಬಾಗಿಲ ಸಂದಿಯಲ್ಲಿ, ಬಳೆ ಸದ್ದಾಗದ ಹಾಗೆ ಮೇಲಕ್ಕೆ ಸರಿಸಿಕೊಂಡು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಲ್ಲುವಳು. ನಾನು ಪಕ್ಕದಲ್ಲಿ ನಿಂತು ಬೇಕಂತಲೇ ನಗಿಸಲು ನೋಡುವೆ. ಅವಳು ನನ್ನ ತೋಳು ಚಿವುಟುವಳು. ಮದುವೆಯಾದ ಹೊಸದರಲ್ಲೂ ನಾವು ಹಾಗೆ ಬಾಗಿಲ ಸಂದಿಯಲ್ಲಿ ನಿಂತವರಲ್ಲ.

ಕೊನೆಗೊಂದು ದಿವಸ ಬಕೆಟ್ಟಿಗೆ ಹಾಲು ಬೀಳುವ ಸದ್ದು ಕೇಳಿತು. ಮೊದಲು ತಗಡಿನ ಸದ್ದು, ಆಮೇಲೆ ನೊರೆಯ ಮೇಲೆ ಬೀಳುವ ಮೆತ್ತನೆಯ ಸದ್ದು. ಅವಳ ಕಣ್ಣು ತುಂಬಿದವು.

“ಯಾಕಮ್ಮೀ, ಬಾಂಬೆಗೋಗದು ಗ್ಯಾರಂಟಿ ಆಯ್ತಲ್ಲ” ಅಂದೆ.

“ಊಂ. ಅದ್ಕೇಯ” ಅಂದಳು. ಸ್ವಲ್ಪ ಹೊತ್ತಾದ ಮೇಲೆ, “ಇಷ್ಟ್ ಬೇಗ ಮರ್ತ್ಬುಡದಾ ಮೂದೇವಿ” ಅಂತಲೂ ಅಂದಳು.

ಅವಳ ಕಣ್ಣು ಹಳದಿಯಾಗಿದ್ದನ್ನು ಮೊದಲು ಕಂಡವರು ಅತ್ತಿಗೆ. ಕಾಮಾಲೆ ಅಂದರು. ಕಾಮಾಲೆ ನಮ್ಮಲ್ಲಿ ಯಾರಿಗೆ ಬರುವುದಿಲ್ಲ? ಸೊಪ್ಪಿನ ಔಷಧಿ ಕುಡಿದಳು, ಪಥ್ಯ ಮಾಡಿದಳು, ಪಾಂಡವಪುರದ ಡಾಕ್ಟರ ಹತ್ತಿರ ಸೂಜಿಯನ್ನೂ ಹಾಕಿಸಿಕೊಂಡಳು. ರಜದ ಹೊತ್ತಿಗೆ ಸರಿಹೋಗುತ್ತದೆ ಅಂತ ಎಲ್ಲರೂ ಅಂದೆವು, ಅವಳಂತೂ ದಿನಾ ಅನ್ನುತ್ತಿದ್ದಳು. ನಿಪ್ಪಟ್ಟಿಗೆ ಹಿಟ್ಟು ಬೀಸಿಸಿಕೊಂಡು ಬರಲು ನನ್ನನ್ನು ಮಿಲ್ಲಿಗೆ ಕಳಿಸಿದಳು. ಹಿಟ್ಟು ಬಂತು. ಕರಿಯಲು ಅವಳಿಗೆ ಆಗಲಿಲ್ಲ, ಎಣ್ಣೆಯ ವಾಸನೆಗೇ ವಾಂತಿಯಾಯಿತು.

ಒಂದು ಬೆಳಿಗ್ಗೆ ಅವಳು ಮಾತು ತೊದಲಿದಾಗ ನಾನು ಅಣ್ಣನ ಮನೆಗೆ ಓಡಿದೆ. ಅಣ್ಣ ಕಾರು ಮಾಡಿಕೊಂಡು ಬಂದ. ನಾಗಮಂಗಲದ ಮೇಲೆ ಆದಿಚುಂಚನಗಿರಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆ ಕಾರಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದೆವು, ಅವಳ ತಲೆ ನನ್ನ ತೊಡೆಯ ಮೇಲೆ. ಡಾಕ್ಟರು ಒಳ್ಳೆಯವರು. ಏನನ್ನೂ ಮುಚ್ಚಿಡಲಿಲ್ಲ. ಲಿವರ್ ಕೈಕೊಟ್ಟಿದೆ, ನಮ್ಮ ಪ್ರಯತ್ನ ಮಾಡುತ್ತೇವೆ ಅಂದರು. ಮಾಡಿದರು.

ನಡುವೆ ಅವಳಿಗೆ ಎಚ್ಚರ ಬಂದು ಸ್ವಲ್ಪ ತಿಳಿಯಾಗಿದ್ದ ಒಂದು ಮಧ್ಯಾಹ್ನ. ಊರಿಂದ ಗಂಜಿ ತಂದಿದ್ದ ಅಣ್ಣ ಬಾಗಿಲ ಹತ್ತಿರ ನಿಂತಿದ್ದ. ಅವಳು ನನ್ನನ್ನು ಕೇಳಿದಳು.

“ಅಸ ಆಲು ಕೊಡ್ತಾ ಐತಾ?”

ನಾನು ಅಣ್ಣನ ಮುಖ ನೋಡಿದೆ. ಅವನು ತಲೆ ಆಡಿಸಿದ. “ಕೊಡ್ತೈತೆ ಕಣವ್ವ. ಒಂದ್ ಹನೀನೂ ಹಿಡ್ಕಳಲ್ಲ. ನಿಮ್ಮಕ್ಕ ದಿನಾ ನಿನ್ ಸೀರೇನೇ ಉಡದು” ಅಂದ.

ಅವಳಿಗೆ ಅದನ್ನು ಕೇಳಿ ಸಮಾಧಾನವಾಯಿತೋ ಹೊಟ್ಟೆಕಿಚ್ಚಾಯಿತೋ, ನನಗೆ ಈಗಲೂ ಗೊತ್ತಿಲ್ಲ. ನನ್ನ ಬೆರಳು ಹಿಡಿದುಕೊಂಡು ಹೇಳಿದಳು.

“ಅಂಗಾರೆ ಓಗ್ಬೋದು ಬುಡಿ.”

ಬಾಂಬೆಗೆ ಅಂತಲೇ ನಾನು ಅರ್ಥ ಮಾಡಿಕೊಂಡೆ. “ಊಂ, ಹೋಗಣ” ಅಂದೆ. ಅವಳು ಹೋದಳು. ರೈಲಿನ ದಿನಕ್ಕಿಂತ ಮುಂಚೆಯೇ ಹೋದಳು.

ನಮ್ಮಲ್ಲಿ ಮಣ್ಣು ಮಾಡಿದ ಮೂರನೆಯ ದಿವಸ ಹೂಳಿದ ಗುದ್ದದ ಮೇಲೆ ಹಾಲು ತುಪ್ಪ ಬಿಡುತ್ತಾರೆ. ಮನೆಯ ಹಸುವಿನ ಹಾಲೇ ಆಗಬೇಕು ಅಂದರು ಹಿರಿಯರು. ಬೆಳಿಗ್ಗೆ ಅತ್ತಿಗೆ ಆ ಹಸಿರು ಸೀರೆ ಉಟ್ಟು ಕೊಟ್ಟಿಗೆಗೆ ಹೋದರು. ಜಗಲಿ ತುಂಬ ನೆಂಟರು ಕೂತಿದ್ದರು. ನನಗೆ ಎದ್ದು ಹೋಗಿ ಆ ಸೀರೆಯನ್ನು ಕಿತ್ತುಕೊಳ್ಳಬೇಕು ಅನ್ನಿಸಿತು. ಹಸು ಒದೆಯಲಿ, ಬಕೆಟ್ಟು ಉರುಳಿಸಲಿ, ಹಾಲು ಕೊಡದೆ ಹಟ ಮಾಡಲಿ, ಊರೆಲ್ಲ ಕೇಳುವ ಹಾಗೆ ಕೂಗಲಿ ಅಂತ ಬೇಡಿಕೊಂಡೆ. ಅದು ಸುಮ್ಮನೆ ನಿಂತು ಕೊಟ್ಟಿತು. ಆ ಹಾಲನ್ನೇ ತೆಗೆದುಕೊಂಡು ಹೋಗಿ ಅವಳ ಮೇಲೆ ಬಿಟ್ಟೆ. ಹಸಿಮಣ್ಣು ಬೇಗ ಕುಡಿದುಬಿಟ್ಟಿತು.

ತಿಥಿಯಾದ ಮೇಲೆ ಅವಳ ಬಟ್ಟೆಯನ್ನೆಲ್ಲ ಪದ್ಧತಿಯಂತೆ ಕೊಟ್ಟುಬಿಟ್ಟರು. ಬಾಂಬೆಯಲ್ಲಿ ಉಡಲೆಂದು ಫಾಲ್ಸ್ ಹಾಕಿಸಿದ್ದ ಸೀರೆಯೂ ಹೋಯಿತು. ಕೊಟ್ಟಿಗೆಯದೊಂದನ್ನು ಅತ್ತಿಗೆ ಹಿಂದಿಟ್ಟುಕೊಂಡರು, ಹಸುವಿಗೆ ಬೇಕಲ್ಲ ಅಂತ. ನಮ್ಮ ರೈಲು ಹೊರಡುವ ದಿನ ಬಂತು, ಹೋಯಿತು. ನಾನು ಟಿಕೆಟ್ ವಾಪಸ್ಸು ಮಾಡಲೂ ಹೋಗಲಿಲ್ಲ. ನಮ್ಮ ಎರಡು ಸೀಟಿನಲ್ಲಿ ಯಾರೋ ಗಂಡ ಹೆಂಡತಿ ಕೂತಿರಲಿ ಅಂತ ಅಂದುಕೊಂಡೆ.

ರಜ ಮುಗಿದು ಸ್ಕೂಲು ತೆರೆದ ಮೇಲೆ ಒಂದು ಸಂಜೆ ಅತ್ತಿಗೆ ನನ್ನ ಬಾಗಿಲಿಗೆ ಬಂದು ನಿಂತರು.

“ಆ ಸೀರೆ ಒಂದೇ ಸಮ ನಾರ್ತಾ ಐತೆ ಕಣಪ್ಪ. ನಾವ್ ಬರಗಂಟ ಒಗೀಬ್ಯಾಡಿ ಅಂದಿದ್ಲು. ಇನ್ನೇನ್ ಮಾಡ್ಲಿ, ನೀನೇ ಹೇಳು.”

ನಾನು ಗೋಡೆ ಕಡೆ ತಿರುಗಿಕೊಂಡು, “ಒಗೀರಿ ಅತ್ಗೆ” ಅಂದೆ.

ಮಾರನೆಯ ದಿನ ಸೀರೆ ಬೇಲಿಯ ಮೇಲೆ ಒಣಗಿತು. ಸಂಜೆ ಅತ್ತಿಗೆ ಅದನ್ನೇ ಉಟ್ಟು ಕೊಟ್ಟಿಗೆಗೆ ಬಂದಾಗ ಅದರಿಂದ ಬರೀ ಸೋಪಿನ ವಾಸನೆ ಬರುತ್ತಿತ್ತು. ನಾನು ಒಳಗೆ ಹೋಗಿ ಹಿಂಬಾಗಿಲ ಸಂದಿಯಲ್ಲಿ, ಅವಳು ನಿಲ್ಲುತ್ತಿದ್ದ ಜಾಗದಲ್ಲಿ, ಸದ್ದು ಮಾಡದೆ ನಿಂತುಕೊಂಡೆ. ಇವತ್ತಾದರೂ ಒದೆಯುತ್ತದೆ ಅಂತ ಕಾದೆ. ಹಸು ಒಂದು ಸಲ ತಿರುಗಿ ಸೀರೆಯನ್ನು ಮೂಸಿತು. ಆಮೇಲೆ ಹುಲ್ಲಿಗೆ ಬಾಯಿ ಹಾಕಿತು. ಬಕೆಟ್ಟಿಗೆ ಹಾಲು ಬೀಳತೊಡಗಿತು.