ಒದ್ದೆ ಕಾಗದಗಳ ವಕೀಲರು

ಮಂಗಳವಾರ ಸಂಜೆ ಕಡೂರು ಬಸ್ ನಿಲ್ದಾಣದ ಪಕ್ಕದಲ್ಲಿ ಇಸ್ತ್ರಿ ಗಾಡಿಯವನು ಪಂಚೆಗೆ ನೀರು ಚಿಮುಕಿಸಿ ಕೆಂಡದ ಪೆಟ್ಟಿಗೆ ಎಳೆದ. ಒದ್ದೆ ಬಟ್ಟೆ ಸೀಯುವುದಕ್ಕೆ ಸ್ವಲ್ಪ ಮೊದಲು ಬರುವ ವಾಸನೆ ಬಂತು. ಈಗ ನಾವಿರುವ ಸಖರಾಯಪಟ್ಟಣಕ್ಕೆ ನಾನು ಹತ್ತಬೇಕಿದ್ದ ಐದೂ ಇಪ್ಪತ್ತರ ಬಸ್ಸು ಬಂದು ಹೋಯಿತು. ನಾನು ಅಲ್ಲೇ ನಿಂತಿದ್ದೆ...

ಆರು ವರ್ಷದ ಹಿಂದೆ ನಮ್ಮೂರ ಶಾಲೆಯ ಜಗಲಿಯಲ್ಲಿ ಇದೇ ವಾಸನೆ ಇತ್ತು. ಅದು ತರೀಕೆರೆ ಕಡೆಯ ಸಣ್ಣ ಪಟ್ಟಣ, ಹೆಸರು ಬೇಡ. ಕುಡಿಯುವ ನೀರಿಗೆಂದು ಪುರಸಭೆ ಹಳ್ಳಕ್ಕೆ ಕಟ್ಟಿಸಿದ್ದ ಅಣೆಕಟ್ಟು ಒಂದು ಬೆಳಗ್ಗೆ, ಜನ ಡೈರಿಗೆ ಹಾಲು ಹಾಕಲು ಹೋಗುವ ಹೊತ್ತಿಗೆ ಒಡೆಯಿತು. ಕೆಳಗಿನ ಎರಡು ಬೀದಿಗಳು ಕೊಚ್ಚಿಹೋದವು. ಅವ್ವ ಹಾಲಿನ ಕ್ಯಾನು ಹಿಡಿದು ಆಗಷ್ಟೇ ಹೊರಟಿದ್ದಳು. ಕ್ಯಾನು ಸಿಕ್ಕಿತು. ಅವ್ವ ಸಿಗಲಿಲ್ಲ.

ನನಗೆ ಆಗ ಹದಿನೆಂಟು ತುಂಬಿತ್ತು. ಮೊದಲಿನಿಂದಲೂ ದಿನಚರಿ ಬರೆಯುತ್ತಿದ್ದೆ. ಆ ಬೆಳಗಿನಿಂದ ಪ್ರತಿ ಪುಟದ ತಲೆಯ ಮೇಲೆ ಒಂದು, ಎರಡು, ಮೂರು ಎಂದು ದಿನದ ಸಂಖ್ಯೆ ಹಾಕುತ್ತಾ ಬಂದೆ.

ಪರಿಹಾರದ ಅರ್ಜಿ ಕೊಡಲು ತೊಂಬತ್ತು ದಿನದ ಗಡುವಿತ್ತು. ಶಾಲೆಯ ಜಗಲಿಯಲ್ಲಿ ಮೇಜು ಹಾಕಿಕೊಂಡು ಅರ್ಜಿಗಳನ್ನು ನೋಡುತ್ತಿದ್ದವರು ಪುರಸಭೆಯ ವಕೀಲರು. ತರೀಕೆರೆಯಿಂದ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದರು. ಪುರಸಭೆಯ ಪರವಾಗಿ ಪ್ರತಿ ಅರ್ಜಿಯಲ್ಲೂ ತಪ್ಪು ಹುಡುಕುವುದೇ ಅವರ ಕೆಲಸ. ಹುಡುಕುವ ಕಷ್ಟವೇ ಇರಲಿಲ್ಲ. ಪಡಿತರ ಚೀಟಿ, ಪಹಣಿ, ಖಾತೆ ನಕಲು ಎಲ್ಲ ನೆನೆದು ಮುದ್ದೆಯಾಗಿದ್ದವು. ಓದಲಾಗುವುದಿಲ್ಲ ಎಂದು ಬರೆದು ವಾಪಸು ಕೊಟ್ಟಿದ್ದರೆ ಒಂದೇ ವಾರದಲ್ಲಿ ಮುಗಿಯುತ್ತಿತ್ತು. ಅವರು ಬಂದ ಮೂರನೇ ದಿನ ಮನೆಯಿಂದ ಇಸ್ತ್ರಿ ಪೆಟ್ಟಿಗೆ ತಂದರು. ಒದ್ದೆ ಕಾಗದವನ್ನು ಹಳೇ ಪಂಚೆಯ ಎರಡು ಪದರದ ನಡುವೆ ಇಟ್ಟು, ಮೆಲ್ಲಗೆ ಒತ್ತಿ, ಅಕ್ಷರ ಕಾಣುವ ತನಕ ಒಣಗಿಸುತ್ತಿದ್ದರು.

"ನಮ್ ಮೇಲೆ ವಾದ ಮಾಡಕ್ಕೆ ನಮ್ ಕಾಗದಾನೇ ಇಸ್ತ್ರಿ ಮಾಡ್ತಾನಲ್ಲೋ ಈವಯ್ಯ" ಎಂದು ಸಾಲಿನಲ್ಲಿದ್ದ ಒಬ್ಬರು ಪಕ್ಕದವರಿಗೆ ಹೇಳಿದರು.

ವಕೀಲರು ತಲೆ ಎತ್ತಲಿಲ್ಲ. "ಅಂಗೀನೂ ಬಿಚ್ಕೊಡಪ್ಪ, ಕೆಂಡ ಇನ್ನೂ ಐತೆ."

ಹಾಗಂತ ಸಡಿಲ ಮನುಷ್ಯರಲ್ಲ. ಮೂರು ಎಮ್ಮೆ ಹೋದವು ಎಂದು ಬರೆಸಿದವನಿಗೆ, "ಒಂದನ್ನ ಅಜ್ಜಂಪುರದ ಸಂತೇಲಿ ಮಾರ್ದಾಗ ನಾನೂ ಅಲ್ಲೇ ಇದ್ನಲ್ಲಯ್ಯ" ಎಂದರು. ಅವನು ತಲೆ ಕೆರೆದುಕೊಂಡು ತಾನೇ ಹೊಡೆದುಹಾಕಿದ. ನಾನು ಜಗಲಿಯ ಮೂಲೆಯಲ್ಲಿ ಕೂತು ಒಪ್ಪಿದ ಅರ್ಜಿಗೊಂದು ಗೀಟು, ತಿರಸ್ಕರಿಸಿದ್ದಕ್ಕೊಂದು ಸೊನ್ನೆ ಹಾಕಿಕೊಳ್ಳುತ್ತಿದ್ದೆ. ಪುರಸಭೆಯವರು ಮೋಸ ಮಾಡಿದರೆ ತೋರಿಸಲು ಲೆಕ್ಕ ಇರಲಿ ಎಂದು. ಒಮ್ಮೆ ಅವರು ಬಗ್ಗಿ ನೋಡಿ, "ನಿನ್ನೆ ಒಂದು ಗೀಟು ಬಿಟ್ಟಿದ್ದೀಯ ನೋಡವ್ವ" ಎಂದರು. ನಿಜ, ಬಿಟ್ಟಿದ್ದೆ.

ನಲವತ್ತೊಂದನೇ ದಿನ ಅಪ್ಪನ ಸರದಿ ಬಂತು. ಅರ್ಜಿಯಲ್ಲಿ ಒಂದು ಹಸು, ಒಂದು ಗೋಡೆ, ರಾಗಿ ಎರಡು ಮೂಟೆ ಇದ್ದವು. ವಕೀಲರು ಆ ವಾರವಷ್ಟೇ ಕೆಸರಿನಿಂದ ತೆಗೆದಿದ್ದ ನಮ್ಮ ಪಡಿತರ ಚೀಟಿ ಒಣಗಿಸಿ ಎದುರಿಗೆ ಹಿಡಿದರು.

"ಮನೇಲಿ ಎಷ್ಟು ಜನ ಯಜಮಾನ್ರೇ?"

"ಮೂರು."

"ಈಗ?"

"ಈಗ್ಲೂ ಮೂರೇ. ಒಬ್ಳು ಹೋಗವ್ಳೆ. ಬತ್ತಾಳೆ."

ವಕೀಲರು ಕಾಗದ ಕೆಳಗಿಟ್ಟರು. ಹಸು, ಗೋಡೆ, ರಾಗಿ ಮೂರಕ್ಕೂ ಒಪ್ಪಿಗೆ ಬರೆದು ಮುಂದಿನವರನ್ನು ಕರೆದರು.

ಹೆಣ ಸಿಗದೇ ಹೋದವರ ವಿಷಯದಲ್ಲಿ, ಅವರು ನೀರಿನಲ್ಲಿ ತೀರಿಕೊಂಡರು ಎಂದು ಮನೆಯವರೇ ಬರೆದುಕೊಡಬೇಕಿತ್ತು. ಬರೆಯದಿದ್ದರೆ ಆ ಹೆಸರು ಸತ್ತವರ ಪಟ್ಟಿಗೆ ಸೇರುವುದಿಲ್ಲ. ಅದಕ್ಕಾಗಿ ವಕೀಲರು ನಾವು ಉಳಿದುಕೊಂಡಿದ್ದ ಚಿಕ್ಕಪ್ಪನ ಮನೆಗೆ ಮೂರು ಸಲ ಬಂದರು. ಅರವತ್ತನೇ ದಿನ, ಎಪ್ಪತ್ತೆಂಟನೇ ದಿನ, ಎಂಬತ್ತೊಂಬತ್ತನೇ ದಿನ. ಪುರಸಭೆಯ ವಕೀಲರೇ ಬಂದು, ಪುರಸಭೆಯ ಮೇಲೆ ಅರ್ಜಿ ಹಾಕಿ ಎಂದು ಅಪ್ಪನನ್ನು ಬೇಡುತ್ತಿದ್ದರು.

"ನನ್ ಹೆಂಡ್ತಿ ಸತ್ಲು ಅಂತ ನನ್ ಕೈಲೇ ಬರಸ್ಕೊಂಡೋಗಕ್ಕೆ ಬಂದಿದ್ದೀರಾ ಸ್ವಾಮಿ?" ಎಂದು ಕೊನೆಯ ಸಲ ಅಪ್ಪ ಕೇಳಿದ.

"ಹೂಂ ಕಣಪ್ಪ. ನೀನು ಬರೀದಿದ್ರೆ ನಮ್ ಕಡತದಾಗೆ ಆ ನೀರು ನಿಮ್ಮನೇಲಿ ಹಸೂನ ಮಾತ್ರ ಕೊಂದಿರ್ತದೆ. ಆಯಮ್ಮ ಎಲ್ಲೋ ಮನೆ ಬಿಟ್ಟು ಹೋದ್ಲು ಅಂತ ಆಯ್ತದೆ."

ಅಪ್ಪ ಎದ್ದು ಒಳಗೆ ಹೋದ. ವಕೀಲರು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ನನ್ನ ಕಡೆ ನೋಡದೆ, "ಮಗಳೂ ಹಾಕಬೌದು. ನಾಳೆ ಐದು ಗಂಟೆ ತಂಕ ಇರ್ತೀನಿ" ಎಂದರು.

ತೊಂಬತ್ತನೇ ದಿನ ನಾಲ್ಕೂವರೆಗೆ ಹೋದೆ. ಸಾಲಿನಲ್ಲಿ ಯಾರೂ ಇರಲಿಲ್ಲ. 'ಮೃತರ ಹೆಸರು' ಎಂಬ ಗೆರೆಯ ಮೇಲೆ ಅವ್ವನ ಹೆಸರು ಬರೆಯುವಾಗ ಒಂದು ಅಕ್ಷರ ತಪ್ಪಿತು. ಅವರು ಹೊಸ ಕಾಗದ ಕೊಟ್ಟರು. ಅದರಲ್ಲೂ ತಪ್ಪಿತು. ಮತ್ತೊಂದು ಕೊಟ್ಟರು. ಮೂರನೆಯದರಲ್ಲಿ ಬರೆದು ಸಹಿ ಹಾಕಿದೆ. ಅವರು ಕೆಳಗೆ 'ಪುರಸಭೆಯ ಆಕ್ಷೇಪಣೆ ಇಲ್ಲ' ಎಂದು ಬರೆದು, ಕನ್ನಡಕ ತೆಗೆದು, ಪಂಚೆಯ ಪದರದಿಂದ ಅದನ್ನು ಬಹಳ ಹೊತ್ತು ಒರೆಸಿದರು.

ಅವತ್ತಿನ ಪುಟದ ಮೇಲೆ ತೊಂಬತ್ತು ಎಂದಿದೆ. ಮರುದಿನದಿಂದ ಸಂಖ್ಯೆ ಇಲ್ಲ.

ಪಟ್ಟಿಯನ್ನು ಪುರಸಭೆಯ ಬಾಗಿಲಿಗೆ ಅಂಟಿಸಿದಾಗ ಅವ್ವನ ಹೆಸರು ಕೊನೆಯಲ್ಲಿತ್ತು. ಅಪ್ಪ ಅದನ್ನು ಬೇರೆಯವರ ಬಾಯಿಂದ ಕೇಳಿ ಬಂದ. "ಅವ್ವ ಇಲ್ಲ ಅಂತ ಹೇಳ್ಬಿಟ್ಟಲ್ಲೇ ಮಗಳೇ" ಎಂದ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ವಕೀಲರನ್ನು ಒಮ್ಮೆ ಹೋಗಿ ಕಾಣಬೇಕು ಎಂದು ದಿನಚರಿಯಲ್ಲಿ ನಾಲ್ಕು ಕಡೆ ಬರೆದುಕೊಂಡಿದ್ದೇನೆ. ಅಪ್ಪನಿಗೆ ನೋವಾದೀತು ಎಂದು ಹೋಗಲಿಲ್ಲ...

ಮಂಗಳವಾರ ಆ ಗಾಡಿಯ ಪಕ್ಕದಲ್ಲೇ ನಿಂತು ತರೀಕೆರೆಯಲ್ಲಿ ವಕೀಲಿಕೆ ಮಾಡುವ ನನ್ನ ಗೆಳತಿಗೆ ಫೋನ್ ಮಾಡಿ ಆ ವಕೀಲರ ವಿಳಾಸ ಕೇಳಿದೆ. ಅವರು ತೀರಿಕೊಂಡು ಮೂರು ತಿಂಗಳಾಯಿತು ಎಂದಳು. ನಾನು ಬರೆಯಬೇಕಾದದ್ದನ್ನು ಬರೆಸಿದಿರಿ, ನನಗೆ ಸಿಟ್ಟಿಲ್ಲ ಎಂದು ಅವರಿಗೆ ಹೇಳಬೇಕಿತ್ತು. ಇನ್ನು ಆಗುವುದಿಲ್ಲ.

ಮುಂದಿನ ಬಸ್ಸಿಗೆ ಮನೆಗೆ ಬಂದೆ. ಅಪ್ಪ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ. "ಆ ವಕೀಲರು ಹೋಗ್ಬಿಟ್ರಂತೆ ಅಪ್ಪ" ಎಂದೆ.

"ಯಾವಾಗ?"

"ಮೂರು ತಿಂಗಳಾಯ್ತಂತೆ."

ಅಪ್ಪ ಇನ್ನೆರಡು ಕಾಯಿ ಸುಲಿದ. ಆಮೇಲೆ ಎದ್ದು ಹಿತ್ತಲಿಗೆ ಹೋಗಿ, ಒಲೆ ಹಚ್ಚದೆ, ತೊಟ್ಟಿಯಿಂದ ತಣ್ಣೀರು ಮೊಗೆದು ತಲೆಯ ಮೇಲೆ ಸುರಿದುಕೊಂಡ. ಸಾವಿನ ಸುದ್ದಿ ಕೇಳಿದವರು, ಸತ್ತವರು ತಮ್ಮವರಾದರೆ, ನಮ್ಮಲ್ಲಿ ಹಾಗೆ ಸ್ನಾನ ಮಾಡುತ್ತಾರೆ. ಅವ್ವನಿಗಾಗಿ ಅಪ್ಪ ಆ ಸ್ನಾನವನ್ನು ಇವತ್ತಿನ ತನಕ ಮಾಡಿಲ್ಲ.

ನಾನು ಟವೆಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವನು ಇನ್ನೂ ನೀರು ಹಾಕಿಕೊಳ್ಳುತ್ತಲೇ ಇದ್ದ.