ಮಕ್ಕಳು ನೋಡಬಾರದ ಅತ್ತೆ

ಟಿವಿ ಕಚೇರಿಯ ಮೂರನೇ ಮಹಡಿಯಲ್ಲಿ, ಲಿಫ್ಟಿಗೂ ಹೆಂಗಸರ ಶೌಚಾಲಯಕ್ಕೂ ನಡುವೆ, ಕಿಟಕಿಯೇ ಇಲ್ಲದ ಒಂದು ಕೋಣೆಯಿತ್ತು. ಒಳಗೆ ಒಂದು ದೊಡ್ಡ ಪರದೆ, ಒಂದು ಕುರ್ಚಿ, ಕುರ್ಚಿಯ ಮೇಲೆ ಕತ್ತರಿ ಮೇಡಂ. ಹಾಗಂತ ಅವಳ ಕೈಯಲ್ಲಿ ಕತ್ತರಿಯೇನೂ ಇರಲಿಲ್ಲ. ಪ್ರಸಾರಕ್ಕೆ ಮುಂಚೆ ಪ್ರತಿ ಕಾರ್ಯಕ್ರಮವನ್ನೂ ನೋಡಿ, ಯಾವುದನ್ನು ಯಾವ ವಯಸ್ಸಿನವರು ನೋಡಬಹುದು, ಯಾವುದನ್ನು ತೆಗೆಯಬೇಕು ಎಂದು ಹೇಳುವುದು ಅವಳ ಕೆಲಸ. ಹೆಸರಿಟ್ಟವರು ಸಂಕಲನ ವಿಭಾಗದವರು. ಕಷ್ಟಪಟ್ಟು ಜೋಡಿಸಿದ್ದನ್ನು ಕಣ್ಣೆದುರೇ ಕಳೆದುಕೊಂಡವರು ಇನ್ನೇನು ಹೆಸರಿಟ್ಟಾರು?

ಎರಡು ಪಾರಿವಾಳ ಕೊಕ್ಕಿಗೆ ಕೊಕ್ಕು ತಾಗಿಸಿದರೂ ಮೇಡಂ ಬಿಡುವುದಿಲ್ಲ ಎಂದು ಕ್ಯಾಂಟೀನಿನಲ್ಲಿ ಮಾತಿತ್ತು. ಅದು ಶುದ್ಧ ಸುಳ್ಳು. ಆದರೆ ಅಡುಗೆ ಕಾರ್ಯಕ್ರಮವೊಂದರಲ್ಲಿ ಬಾಣಸಿಗ ಹಿಟ್ಟು ನಾದುತ್ತಾ ಬಿಟ್ಟ ನಿಟ್ಟುಸಿರನ್ನು ತೆಗೆಸಿದ್ದು ಮಾತ್ರ ನಿಜ. ಆ ನಿಟ್ಟುಸಿರನ್ನು ಕೇಳಿದ್ದರೆ ನೀವೂ ತೆಗೆಸುತ್ತಿದ್ದಿರಿ.

ಅವಳು ಸೇರಿದ್ದು ಟೈಪಿಸ್ಟ್ ಆಗಿ. ಆಗ ಆ ಕುರ್ಚಿಯಲ್ಲಿದ್ದ ಹಿರಿಯರಿಗೆ ಊಟವಾದ ಮೇಲೆ ಕಣ್ಣೆಳೆಯುವ ಅಭ್ಯಾಸ. ಒಂದು ಮಧ್ಯಾಹ್ನ ಅವರು ಗೊರಕೆ ಹೊಡೆಯುತ್ತಿದ್ದಾಗ ಏನೋ ಒಂದು ನುಸುಳಿ, ಸಂಜೆ ಮಕ್ಕಳ ಕಾರ್ಯಕ್ರಮದ ನಡುವೆ ಊರಿಗೆಲ್ಲ ಕಾಣಿಸಿಕೊಂಡಿತು. ಏನು ಎಂದು ಇಲ್ಲಿ ಹೇಳುವ ಹಾಗಿಲ್ಲ. ಮಾರನೇ ದಿನ ನಿರ್ದೇಶಕ ಸಾಹೇಬರು ಕಚೇರಿಯೆಲ್ಲ ಸುತ್ತಿ, ನಿದ್ದೆ ಮಾಡದ, ಸುಲಭಕ್ಕೆ ನಗದ ಮುಖವೊಂದನ್ನು ಹುಡುಕಿದರು. ಟೈಪಿಸ್ಟ್ ತಲೆಯೆತ್ತಿ ಗಂಟುಮುಖ ಹಾಕಿಕೊಂಡು, "ಏನ್ ಸಾರ್?" ಎಂದಳು. ಕೆಲಸ ಅಲ್ಲೇ ಖಾಯಂ ಆಯಿತು.

ಅವಳ ಕೋಣೆಗೆ ಒಂದು ದಿನ "ಕೆಳಗಿನ ಮನೆ ಖಾಲಿ ಇದೆ" ಬಂತು. ಹಳೆಯ ಕಾಲದ ನಗೆಧಾರಾವಾಹಿ. ಮಹಡಿಯ ಮೇಲೆ ಮನೆ ಮಾಲೀಕ, ಅವನ ಹೆಂಡತಿ. ಕೆಳಗಿನ ಮನೆಗೆ ವಾರಕ್ಕೊಬ್ಬ ಹೊಸ ಬಾಡಿಗೆದಾರ. ಬಂದವನು ಕಂತು ಮುಗಿಯುವಷ್ಟರಲ್ಲಿ ಗಂಟುಮೂಟೆ ಕಟ್ಟಿಕೊಂಡು ಓಡುತ್ತಿದ್ದ. ಒಂದು ಕಾಲಕ್ಕೆ ಅದು ಬರುವ ಹೊತ್ತಿಗೆ ಬೀದಿಗಳು ಬಿಕೋ ಎನ್ನುತ್ತಿದ್ದವು. ಈಗ ಅದನ್ನು ಸಂಜೆ ಆರು ಗಂಟೆಗೆ, ಮಕ್ಕಳು ಶಾಲೆಯಿಂದ ಬಂದು ಸೋಫಾದ ಮೇಲೆ ಬಿದ್ದುಕೊಳ್ಳುವ ಹೊತ್ತಿಗೆ, ಮತ್ತೆ ತೋರಿಸಬೇಕೆಂಬುದು ಸಾಹೇಬರ ಆಸೆ.

"ಸಾರ್, ಇದನ್ನ ಬೇರೆ ಯಾರಾದ್ರೂ ನೋಡಿದ್ರೆ ಒಳ್ಳೇದು," ಎಂದಳು ಕತ್ತರಿ ಮೇಡಂ. "ಅದರಲ್ಲಿ ಮಾಲೀಕನ ಹೆಂಡತಿ ಪಾತ್ರ ಮಾಡಿರೋದು ನಮ್ಮತ್ತೆ."

ಸಾಹೇಬರ ಮುಖ ಅರಳಿತು. "ಇನ್ನೂ ಒಳ್ಳೇದಾಯ್ತು. ಅತ್ತೆಯ ತಪ್ಪನ್ನ ಸೊಸೆಗಿಂತ ಚೆನ್ನಾಗಿ ಹುಡುಕೋರು ಯಾರಿದಾರೆ ಮೇಡಂ?"

ಅತ್ತೆಗೆ ಎಪ್ಪತ್ತು ದಾಟಿತ್ತು. ನಟನೆ ಬಿಟ್ಟು ಎಷ್ಟೋ ಕಾಲವಾಗಿದ್ದರೂ ನಟನೆ ಅವರನ್ನು ಬಿಟ್ಟಿರಲಿಲ್ಲ. ಹಾಲಿನವನಿಗೆ ನಾಳೆ ಬೇಡ ಎಂದು ಹೇಳುವುದಿದ್ದರೂ ಬಾಗಿಲ ಚೌಕಟ್ಟಿಗೆ ಒರಗಿ, ಒಂದು ಕ್ಷಣ ತಡೆದು, ಕತ್ತು ಕೊಂಕಿಸಿ ಹೇಳುತ್ತಿದ್ದರು. ಮಗ, ಅಂದರೆ ಕತ್ತರಿಯ ಗಂಡ, ಕನ್ನಡಕದ ಅಂಗಡಿ ಇಟ್ಟುಕೊಂಡ ಪಾಪದ ಮನುಷ್ಯ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುತ್ತಿದ್ದ. ಮಾತಾಡಲು ಸಂದು ಸಿಗುತ್ತಿರಲಿಲ್ಲ.

ಕತ್ತರಿ ಮೇಡಂ ವಾರವಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಏನೂ ಸಿಗಲಿಲ್ಲ. ಅತ್ತೆ ಸ್ಟೂಲಿನ ಮೇಲಿಂದ ಬಿದ್ದರು, ಬಾಡಿಗೆದಾರನ ತಲೆಯ ಮೇಲೆ ಬಕೆಟ್ ಬಿತ್ತು, ಮಾಲೀಕ ಕೂಗಾಡಿದ, ಹಿನ್ನೆಲೆಯಲ್ಲಿ ಕಾಣದ ಜನ ಗೊಳ್ಳೆಂದು ನಕ್ಕರು. ಶನಿವಾರ ಮಧ್ಯಾಹ್ನ ಊಟದ ಮೇಜಿನಲ್ಲಿ, ಒಳ್ಳೆಯ ಸುದ್ದಿ ಹೇಳುವ ಉಮೇದಿನಲ್ಲಿ ಬಾಯಿಬಿಟ್ಟಳು.

"ಅತ್ತೆ, ನಿಮ್ಮ ಧಾರಾವಾಹೀನ ಎಲ್ಲ ವಯಸ್ಸಿನವರೂ ನೋಡಬಹುದು ಅಂತ ಬರೀತಾ ಇದೀನಿ. ಮಕ್ಕಳ ಹೊತ್ತಿಗೇ ಬರುತ್ತೆ."

ಅತ್ತೆ ಕೈಯಲ್ಲಿದ್ದ ಚಮಚ ಕೆಳಗಿಟ್ಟರು. "ಏನಂದೆ?"

"ಮಕ್ಕಳಿಗೆ ಏನೂ ತೊಂದರೆ ಇಲ್ಲ ಅಂತ."

"ನನ್ನ ಜೀವಮಾನದಲ್ಲಿ ಇಂಥ ಅವಮಾನ ಯಾರೂ ಮಾಡಿರಲಿಲ್ಲ ಕಣಮ್ಮ!" ಅತ್ತೆಯ ದನಿ ಹಿಂದಿನ ಸಾಲಿನ ಪ್ರೇಕ್ಷಕರಿಗೂ ಕೇಳುವಷ್ಟು ಏರಿತು. "ನಾನು ಪರದೆ ಮೇಲೆ ಬಂದ್ರೆ ಅಪ್ಪ ಅಮ್ಮಂದಿರು ಮಕ್ಕಳನ್ನ ನೀರು ತರೋಕೆ ಅಂತ ಒಳಗೆ ಕಳಿಸ್ತಿದ್ರು. ಗಂಡಸರು ಕೆಮ್ಮಿ ಪೇಪರ್ ಅಡ್ಡ ಹಿಡ್ಕೋತಿದ್ರು. ಅಷ್ಟು ಕಷ್ಟಪಟ್ಟು ಸಂಪಾದಿಸಿದ ಹೆಸರನ್ನ ನೀನು ಮಗ್ಗಿ ಪುಸ್ತಕದ ಪಕ್ಕ ಇಡ್ತೀಯಾ?"

"ಅತ್ತೆ, ಅದರಲ್ಲಿ ಕೆಟ್ಟದ್ದು ಏನಿದೆ ಹೇಳಿ?"

"ಮೋಟಾರಿನ ಕಂತು ನೋಡಿದ್ಯಾ?"

ನೋಡಿದ್ದಳು. ನೀರಿನ ಮಿತಬಳಕೆಯ ಬಗ್ಗೆ ಒಳ್ಳೆಯ ಸಂದೇಶವಿದೆ ಎಂದು ಮೆಚ್ಚಿಯೂ ಇದ್ದಳು. ಅದರಲ್ಲಿ ಮಾಲೀಕನ ಹೆಂಡತಿ ಹೊಸ ಬಾಡಿಗೆದಾರನ ಮುಂದೆ ಗೋಳಾಡುತ್ತಾಳೆ: 'ನಮ್ಮೆಜಮಾನರ ಕಾಲದ ಮೋಟಾರಪ್ಪ. ಸದ್ದೇನೋ ಜೋರು, ನೀರು ಮಾತ್ರ ಮೇಲೆ ಹತ್ತಲ್ಲ.' ಕಟ್ಟುಮಸ್ತಾದ ಬಾಡಿಗೆದಾರ ತೋಳು ಮಡಚುತ್ತಾ, 'ನಂದು ಹೊಸದಿದೆ, ಹಾಕಿ ನೋಡೋಣ್ವಾ?' ಎನ್ನುತ್ತಾನೆ.

ಅತ್ತೆ ಅದೇ ಸಂಭಾಷಣೆಯನ್ನು ನಿಧಾನಕ್ಕೆ, ಸರಿಯಾದ ಜಾಗದಲ್ಲಿ ನಿಲ್ಲಿಸಿ ನಿಲ್ಲಿಸಿ ಮತ್ತೆ ಹೇಳಿದರು. ಕತ್ತರಿ ಮೇಡಂ ಕಿವಿಯ ತುದಿಯವರೆಗೂ ಕೆಂಪಾದಳು. ಗಂಡ ತಟ್ಟೆಯೊಳಗೆ ಮುಖ ಹುದುಗಿಸಿದ. ಐದನೇ ತರಗತಿಯ ಮಗಳು, "ನಮ್ಮನೆ ಮೋಟಾರೂ ಹಾಗೇ ಸದ್ದು ಮಾಡುತ್ತೆ ಅಜ್ಜಿ," ಎಂದಳು. ಗಂಡನಿಗೆ ನೆತ್ತಿ ಹತ್ತಿತು.

"ನಿಮ್ಮ ಜೊತೆ ಮಾಲೀಕನ ಪಾತ್ರ ಮಾಡಿದವರಿಗೆ ಗೊತ್ತಿತ್ತಾ?" ಎಂದಳು ಸೊಸೆ.

"ಆ ಮಹಾನುಭಾವರು ಕೊನೇವರೆಗೂ ಅದು ಮೋಟಾರು ಅಂತಲೇ ತಿಳ್ಕೊಂಡಿದ್ರು," ಎಂದರು ಅತ್ತೆ, ಹೆಮ್ಮೆಯಿಂದ.

ಇಷ್ಟು ವರ್ಷ ಬಾಣಸಿಗರ ನಿಟ್ಟುಸಿರು ಹಿಡಿದವಳ ಮೂಗಿನಡಿಯಲ್ಲೇ ಇಡೀ ಮೋಟಾರು ಹಾದುಹೋಗಿತ್ತು! ಅವಳಿಗೆ ತನ್ನ ಮೇಲೆಯೇ ಅನುಮಾನ ಬಂತು. ದೊಡ್ಡವಳಾದ ತನಗೇ ತಿಳಿಯದ್ದು ಮಕ್ಕಳಿಗೆ ಹೇಗೆ ತಿಳಿದೀತು? ತಿಳಿಯದಿದ್ದರೆ ತೊಂದರೆಯೇನು? ಹೀಗೆ ತಲೆ ಕೆಡಿಸಿಕೊಳ್ಳುವ ಬದಲು ಮಕ್ಕಳನ್ನೇ ಕೂರಿಸಿ ನೋಡಿಬಿಡೋಣ ಎಂದು ಭಾನುವಾರ ಮಧ್ಯಾಹ್ನ ಮಗಳ ಗೆಳತಿಯರನ್ನು ಕರೆಸಿದಳು. ಬಿಸ್ಕತ್ತಿನ ಡಬ್ಬಿ ನಡುವೆ ಇಟ್ಟು, ಮಕ್ಕಳು ನೆಲದ ಮೇಲೆ ಚಾಪೆ ಹಾಸಿ ಕೂತರು. ಅತ್ತೆ ತುಟಿಗೆ ಬಣ್ಣ ಹಚ್ಚಿಕೊಂಡು ಬಂದು ಹಿಂದಿನ ಕುರ್ಚಿಯಲ್ಲಿ ಮಹಾರಾಣಿಯ ಹಾಗೆ ಆಸೀನರಾದರು.

ಮೋಟಾರು ಬಂತು, ಹೋಯಿತು. ಒಬ್ಬಳು ಆಕಳಿಸಿದಳು. ಇನ್ನೊಬ್ಬಳು ಬಿಸ್ಕತ್ತನ್ನು ಎರಡು ಭಾಗ ಮಾಡಿ ನಡುವಿನ ಕ್ರೀಮನ್ನು ನೆಕ್ಕಿದಳು. ಅತ್ತೆಯ ಮುಖ ಇಳಿಯಿತು. ಪರದೆಯಲ್ಲಿ ಅತ್ತೆ ಸ್ಟೂಲಿನಿಂದ ಬಿದ್ದಾಗ ಮಾತ್ರ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಸ್ವಲ್ಪ ಚೇತರಿಸಿಕೊಂಡರು.

ಆಮೇಲೆ ಆ ಪ್ರಸಿದ್ಧ ಮಾತು ಬಂತು. ಪ್ರತಿ ಕಂತಿನಲ್ಲೂ ಮಾಲೀಕ ಹೆಂಡತಿಯ ಮೇಲೆ ಸಿಟ್ಟಾಗಿ ಬಲಗೈಯನ್ನು ಮೇಲೆತ್ತುತ್ತಿದ್ದ. ಕಣ್ಣು ದೊಡ್ಡದು ಮಾಡಿ, 'ಈ ಕೈ ನೋಡಿದ್ಯಾ?' ಎನ್ನುತ್ತಿದ್ದ. ಹೆಂಡತಿ ಕಿರುಚಿಕೊಂಡು ಅಲಮಾರಿಯ ಹಿಂದೆ ಅಡಗುತ್ತಿದ್ದಳು. ಜನ ಬಿದ್ದು ಬಿದ್ದು ನಗುತ್ತಿದ್ದರು. ಆ ಕಾಲಕ್ಕೆ ಈ ಮಾತು ಯಾರ ಬಾಯಲ್ಲಿ ಇರಲಿಲ್ಲ? ಬಸ್ಸಿನ ಕಂಡಕ್ಟರು, ಶಾಲೆಯ ಮೇಷ್ಟ್ರು, ಎಲ್ಲರದೂ ಅದೇ. ಕತ್ತರಿಯ ಗಂಡ ಈಗಲೂ ಇಸ್ಪೀಟಿನಲ್ಲಿ ಸೋತರೆ ಕೈಯೆತ್ತಿ ಹಾಗೇ ಅನ್ನುತ್ತಿದ್ದ. ಇಂದೂ ಅಡುಗೆಮನೆಯ ಬಾಗಿಲಲ್ಲಿ ನಿಂತು, ಪರದೆಯ ಮೇಲಿನ ಕೈ ಏಳುತ್ತಿದ್ದಂತೆ ತಾನೂ ಎತ್ತಿ, "ಈ ಕೈ..." ಎಂದು ಶುರುಮಾಡಿದ.

ಮಕ್ಕಳು ನಗಲಿಲ್ಲ. ಕ್ರೀಮ್ ನೆಕ್ಕುತ್ತಿದ್ದವಳು ನೆಕ್ಕುವುದನ್ನು ನಿಲ್ಲಿಸಿದಳು. ಅವರಲ್ಲೇ ಚಿಕ್ಕವಳು, ಎರಡು ಜಡೆಯವಳು, ಹಿಂದೆ ತಿರುಗಿ ಕೇಳಿದಳು:

"ಅಜ್ಜಿ, ಅವರು ಹೊಡೀತಾರಾ?"

"ಇಲ್ಲ ಪುಟ್ಟಿ. ಒಂದು ಸಲಾನೂ ಹೊಡೆಯಲ್ಲ. ಸುಮ್ನೆ ತಮಾಷೆ."

"ಹೊಡೆಯಲ್ಲ ಅಂದ್ರೆ ನೀವ್ಯಾಕೆ ಅಲಮಾರಿ ಹಿಂದೆ ಹೋದ್ರಿ?"

ಅತ್ತೆ ಮಹಾರಾಣಿಯ ಭಂಗಿ ಬಿಟ್ಟು ಕುರ್ಚಿಯ ಅಂಚಿಗೆ ಸರಿದರು. ಅದು ಆ ಮನೆಯಲ್ಲಿ ಯಾರೂ ಕಂಡಿರದ ದೃಶ್ಯ. "ಹಾಗೆ ಬರೆದಿತ್ತು," ಎಂದರು ಕೊನೆಗೆ.

"ಯಾರು ಬರೆದಿದ್ದು?"

"ಯಾರೋ ಒಬ್ಬ ಗಂಡಸು."

ಬಾಗಿಲಲ್ಲಿ ನಿಂತಿದ್ದ ಗಂಡ ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ, ಅದರಲ್ಲೇ ತಲೆ ಕೆರೆದುಕೊಂಡು ಒಳಗೆ ಹೋದ.

ಮಾರನೇ ದಿನ ಕತ್ತರಿ ಮೇಡಂ ಕೋಣೆಯ ಬಾಗಿಲು ಹಾಕಿಕೊಂಡು ಮೊದಲಿಂದ ಮತ್ತೆ ನೋಡಿದಳು. ಈ ಸಲ ಸದ್ದು ಪೂರ್ತಿ ಕಡಿಮೆ ಮಾಡಿದ್ದಳು. ನಗುವಿಲ್ಲದ ಪರದೆಯಲ್ಲಿ ಒಬ್ಬ ದಪ್ಪ ಮೀಸೆಯ ಮನುಷ್ಯ ಕೈ ಎತ್ತುತ್ತಿದ್ದ. ಒಬ್ಬ ಹೆಂಗಸು ಓಡಿಹೋಗಿ ಅಡಗುತ್ತಿದ್ದಳು. ಮುಂದಿನ ಕಂತಿನಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಅತ್ತೆ ಒಳ್ಳೆಯ ನಟಿ. ಪ್ರತಿ ಸಲವೂ ನಿಜವಾಗಿ ಬೆಚ್ಚುತ್ತಿದ್ದರು. ಸ್ವಲ್ಪ ಕೆಟ್ಟದಾಗಿ ನಟಿಸಿದ್ದರೆ ವಾಸಿಯಿತ್ತು ಎನಿಸಿತು ಸೊಸೆಗೆ. ಮೊದಲ ಸಲ ಇದನ್ನೇ ನೋಡಿ ತಾನೂ ಮುಗುಳ್ನಕ್ಕದ್ದು ನೆನಪಾಗಿ ಮೈ ಉರಿಯಿತು.

ಹದಿಮೂರು ದಾಟಿದವರಿಗೆ ಮಾತ್ರ, ಬೆದರಿಕೆಯನ್ನು ತಮಾಷೆಯಾಗಿ ತೋರಿಸಲಾಗಿದೆ ಎಂದು ಬರೆದು ಕೊಟ್ಟಳು. ಸಾಹೇಬರು ಎದ್ದೇ ನಿಂತರು.

"ಮೇಡಂ, 'ಈ ಕೈ ನೋಡಿದ್ಯಾ' ಬೆದರಿಕೇನಾ? ನಮ್ಮಪ್ಪ ಇದನ್ನ ದಿನಾ ಹೇಳ್ತಿದ್ರು!"

"ಯಾರಿಗೆ ಸಾರ್?"

"ನಮ್ಮ ಅಮ್ಮನಿಗೆ. ನಾವೆಲ್ಲಾ ನಗ್ತಿದ್ವಿ."

"ಅಮ್ಮ?"

ಸಾಹೇಬರು ಮೇಜಿನ ಮೇಲಿದ್ದ ನೀರನ್ನು ಪೂರ್ತಿ ಕುಡಿದರು. ಲೋಟ ಕೆಳಗಿಟ್ಟು ಕೇಳಿದರು: "ಅದೊಂದನ್ನ ಕತ್ತರಿಸಿಬಿಟ್ರೆ? ನಿಮಗೇನು ಹೊಸದಾ?"

"ಕತ್ತರಿಸಬಹುದು. ಆದ್ರೆ ಇಡೀ ಕಂತು ಅದರ ಮೇಲೇ ನಿಂತಿದೆ. ಅದು ಹೋದ್ರೆ ಜಾಹೀರಾತು ಮಾತ್ರ ಉಳಿಯುತ್ತೆ."

ಜಾಹೀರಾತಷ್ಟೇ ಇದ್ದರೂ ಸಾಹೇಬರಿಗೆ ಬೇಸರವೇನೂ ಇರಲಿಲ್ಲ. ಆದರೆ ಹಾಗೆ ಹೇಳುವಂತಿರಲಿಲ್ಲ. ಧಾರಾವಾಹಿ ಮಕ್ಕಳ ಹೊತ್ತಿನಿಂದ ಜಾರಿ, ರಾತ್ರಿ ಊಟವಾದ ಮೇಲಿನ ಹೊತ್ತಿಗೆ ಹೋಯಿತು. ಮುನ್ನೋಟದ ತುಣುಕು ಟಿವಿಯಲ್ಲಿ ಬಂದ ದಿನ ಅತ್ತೆ ಕನ್ನಡಕ ಏರಿಸಿ, ಕೆಳಗಿನ ಎಚ್ಚರಿಕೆಯ ಸಾಲನ್ನು ಓದಿದರು.

"ಬೆದರಿಕೆ ಮಾತ್ರಾನಾ? ಮೋಟಾರು ಎಲ್ಲಿ?"

"ಅತ್ತೆ, ಮಕ್ಕಳಿಗೆ ಅದು ಅರ್ಥಾನೇ ಆಗಲಿಲ್ವಲ್ಲ."

"ದೊಡ್ಡವರಿಗೆ ಆಗುತ್ತಲ್ಲ! ಆ ಮೀಸೆಯವರು ಕೈ ಎತ್ತಿದ್ದಕ್ಕೆ ಒಂದು ಸಾಲು, ನಾನು ಇಷ್ಟೆಲ್ಲ ಮಾಡಿದ್ದಕ್ಕೆ ಏನೂ ಇಲ್ಲ. ಯಾವ ನ್ಯಾಯ ಇದು?"

ಸೊಸೆಗೆ ಇದರಲ್ಲಿ ನ್ಯಾಯ ಕಂಡಿತು. ಕಚೇರಿಗೆ ಹೋಗಿ 'ದ್ವಂದ್ವಾರ್ಥದ ಸಂಭಾಷಣೆಗಳಿವೆ' ಎಂಬುದನ್ನೂ ಸೇರಿಸಬೇಕೆಂದಳು. ಸಾಹೇಬರು ಚಿಕ್ಕಂದಿನಿಂದ ನೋಡಿದ್ದೇನೆ, ಅಂಥದ್ದೇನೂ ಇಲ್ಲ ಎಂದು ಹಟ ಹಿಡಿದರು. ಆಗ ಕತ್ತರಿ ಮೇಡಂ, ತನ್ನ ಅದೇ ಗಂಟುಮುಖದಲ್ಲಿ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಮೋಟಾರಿನ ಸಂಭಾಷಣೆಯನ್ನು ಒಪ್ಪಿಸಿದಳು. ಸಾಹೇಬರು ಕೆಮ್ಮಿದರು. ಮೇಜಿನ ಮೇಲೆ ಪೇಪರ್ ಇತ್ತು, ಅಡ್ಡ ಹಿಡಿದುಕೊಂಡರು. ಸಾಲು ಸೇರಿತು.

ಅತ್ತೆ ಅದನ್ನು ಪಾರ್ಕಿನ ಬೆಂಚಿನವರಿಗೆಲ್ಲ ಹೇಳಿಕೊಂಡು ಬಂದರು. "ನಾನು ಸರ್ಟಿಫಿಕೇಟ್ ಇರೋ ಪೋಲಿ," ಎಂದು ಎದೆಯುಬ್ಬಿಸಿದರಂತೆ. ಬೆಂಚಿನ ಮುದುಕರೆಲ್ಲ ಆ ಕಂತು ಯಾವ ದಿನ ಬರುತ್ತದೆಂದು ವಿಚಾರಿಸಿದರು.

ಪ್ರಸಾರ ಶುರುವಾದ ಕೆಲವೇ ದಿನಕ್ಕೆ, ಬೆಳಗಿನ ಕಾಫಿಯ ಹೊತ್ತಿಗೆ ಫೋನ್ ಬಂತು. ಮಗಳು ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು. ಆ ಕಡೆ ಮನೆ ಮಾಲೀಕನ ಪಾತ್ರ ಮಾಡಿದ್ದ ಹಿರಿಯರು.

"ಏನಮ್ಮಾ ಇದು? ನಿಮ್ಮ ಸೊಸೆ ನನ್ನನ್ನ ರಾಕ್ಷಸ ಮಾಡಿಬಿಟ್ರಲ್ಲ! ನಾನು ಒಂದು ದಿನಾನಾದ್ರೂ ನಿಮ್ಮ ಮೈ ಮುಟ್ಟಿದ್ನಾ?"

"ಇಲ್ಲಪ್ಪ. ನಿಮ್ಮಂಥ ಸಂಭಾವಿತರು ಸಿಗೋದು ಕಷ್ಟ."

"ಮತ್ತೆ? ಪ್ರತಿ ಸಲ ಮುಗಿದ ಮೇಲೆ ನೀವೂ ನಗ್ತಿದ್ರಲ್ಲ?"

"ನಗೋದಕ್ಕೇ ತಾನೇ ನಂಗೆ ಸಂಬಳ ಕೊಡ್ತಿದ್ದಿದ್ದು."

ಕತ್ತರಿ ಮೇಡಂ ಕಾಫಿ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟಳು. ಆಮೇಲೆ ಆ ಹಿರಿಯರ ದನಿ ಬಂತು, ಬೇರೆ ಯಾರದೋ ಎನ್ನುವಷ್ಟು ಮೆತ್ತಗೆ. ಮೊಮ್ಮಗಳು ಹೇಗೋ ನೋಡಿಬಿಟ್ಟಿದ್ದಾಳೆ, ತಾತ ಹೊಡೆಯುತ್ತಾರೆಂದು ಹತ್ತಿರ ಬರುತ್ತಿಲ್ಲ. "ನೀವು ಒಂದ್ಸಲ ಬಂದು, ತಾತ ಒಳ್ಳೆಯವರು ಅಂತ ಅವಳಿಗೆ ಹೇಳ್ತೀರಾ?"

"ಬರ್ತೀನಿ. ಆದ್ರೆ ನಾನು ಹೇಳಲ್ಲ. ನೀವೇ ಹೇಳಬೇಕು. ನಾನು ಪಕ್ಕದಲ್ಲಿ ಕೂತಿರ್ತೀನಿ."

ಅಂದು ಸಂಜೆ ಕತ್ತರಿ ಮೇಡಂ ಅತ್ತೆಯನ್ನು ಆಟೋದಲ್ಲಿ ಕರೆದುಕೊಂಡು ಹೋದಳು, ತಾನು ಹೊರಗಿನ ಮೆಟ್ಟಿಲ ಮೇಲೆ ಕಾದಳು. ಅತ್ತೆ ಹೊರಬಂದಾಗ ತುಟಿಯ ಬಣ್ಣ ಒರೆಸಿಕೊಂಡಿದ್ದರು.

"ಏನಾಯ್ತು ಅತ್ತೆ?"

"ತುಂಬಾ ತಡವರಿಸಿದ್ರು. ಪಾಪ, ಯಾರೂ ಮಾತು ಬರೆದುಕೊಟ್ಟಿರಲಿಲ್ಲ ನೋಡು." ಅತ್ತೆ ಆಟೋ ಹತ್ತಿ, ಸೊಸೆಗೆ ಜಾಗ ಬಿಡಲು ಒಳಗೆ ಸರಿದು ಕೂತರು. "ಆ ಮಗು ಏನಂತು ಗೊತ್ತಾ? 'ತಾತ, ಟಿವೀಲಿ ಇದ್ದ ಆ ಮೀಸೆ ನಿಮಗೆ ಸ್ವಲ್ಪಾನೂ ಚೆನ್ನಾಗಿಲ್ಲ' ಅಂತು. ಆಮೇಲೆ ಹೋಗಿ ತೊಡೆ ಮೇಲೆ ಕೂತ್ಕೊಂಡ್ತು."